ನಾಲ್ಕು ಬೆರಳಷ್ಟು

ರುವಿಯ ಹಿಂಗಲ್ಲಿ, ಲಾಂಡ್ರಿಯ ಪಕ್ಕ ನನ್ನ ಅಂಗಡಿ.
ಬೋರ್ಡಿನಲ್ಲಿ ಅಬಾಯಾ, ದಿಶ್‌ದಾಶಾ, ಆಲ್ಟರೇಷನ್.
ಚರ್ಮದ ಕೆಲಸ ಬೋರ್ಡಿನಲ್ಲಿಲ್ಲ, ಕೇಳಿಕೊಂಡು ಬರುತ್ತಾರೆ.
ರಾಣೆಬೆನ್ನೂರಿನಲ್ಲಿ ಅಪ್ಪ ಸೀರೆಗೆ ಫಾಲು ಹಚ್ಚುತ್ತಿದ್ದ,
ಚರ್ಮ ಮುಟ್ಟಿದವನಲ್ಲ. ನಾನು ಮುಟ್ಟಿದ್ದು ಇಲ್ಲಿ,
ನಲವತ್ತು ದಾಟಿ, ಕನ್ನಡಕ ಬಂದ ಮೇಲೆ.

ಯಾರುಬ್ ಬಂದ, ಎಡಗೈ ಕೊರಳಿಗೆ ಕಟ್ಟಿಕೊಂಡು.
ಕಸದ ಕಪ್ಪು ಚೀಲ ಮೇಜಿನ ಮೇಲೆ ಸುರಿದ:
ಜಾಕೆಟ್ಟು, ಕೈಗವಸು, ಹೆಲ್ಮೆಟ್ಟು, ಒಂದೇ ಬೂಟು.
ಇನ್ನೊಂದನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರಂತೆ,
ಕಾಲು ಊದಿ ಬರಲೊಲ್ಲದಾಯಿತಂತೆ.

ಅಮೀರಾತಿನ ಘಾಟಿ, ಇಳಿಜಾರು, ಬೆಳಗಿನ ಐದೂವರೆ,
ಯಾವುದೋ ಟ್ಯಾಂಕರು ಸೋರಿಸಿಕೊಂಡು ಹೋದ ನೀರಿನ ಪಟ್ಟೆ.
ಬೈಕು ಒಂದು ಕಡೆ, ಇವನು ಇನ್ನೊಂದು ಕಡೆ.
ಜಾರಿದ ದೂರವನ್ನು ಆಮೇಲೆ ತಮ್ಮ ಅಳೆದು ಬಂದ:
ನಲವತ್ತೊಂದು ಹೆಜ್ಜೆ.

ಮೊದಲು ಬಿದ್ದದ್ದು ಭುಜ.
ಅಲ್ಲಿ ಚರ್ಮ ಎರಡು ಪದರ. ಮೇಲಿನದು ಸವೆದು ಹಪ್ಪಳ,
ಕೆಳಗಿನದು ಇನ್ನೂ ದನದ ಚರ್ಮವಾಗಿಯೇ ಇದೆ.
ಒಳಗಿನ ಮೆತ್ತೆ ತೆಗೆದೆ. ಒತ್ತಿದರೆ ಮಸ್ಕತ್ತಿನ ಹಲ್ವ,
ಗುದ್ದಿದರೆ ಕಲ್ಲು.
(ನಮ್ಮ ಮನೆಯಲ್ಲಿ ಹಾಗಿದ್ದವಳು ಸೋದರತ್ತೆಯೊಬ್ಬಳೇ.)
ಆಮೇಲೆ ಮೊಣಕೈ. ಆಮೇಲೆ ಮಗುಚಿಕೊಂಡಿದ್ದಾನೆ,
ಬೆನ್ನ ಮೇಲೆ ಆಕಾಶ ನೋಡುತ್ತ ಬಂದಿದ್ದಾನೆ:
ಗೀರುಗಳು ಅಲ್ಲಿ ನೇರ, ಅವಸರವಿಲ್ಲ.
ಗವಸಿನ ಅಂಗೈಯ ಪ್ಲಾಸ್ಟಿಕ್ ಬಿಲ್ಲೆ
ಬಚ್ಚಲಿನ ಸೋಪಿನ ಚೂರಿನಂತೆ ಒಂದೇ ಮಗ್ಗುಲು ತೇದಿದೆ.
ಅದಿಲ್ಲದಿದ್ದರೆ ಕೈ ನೆಲ ಹಿಡಿದು ನಿಲ್ಲುತ್ತಿತ್ತು,
ಮೈ ಮುಂದೆ ಹೋಗುತ್ತಿತ್ತು.

ಹೆಲ್ಮೆಟ್ಟಿನ ಹೊರಗೆ ಉಗುರಿನಷ್ಟು ಗೀರು.
"ಇದಕ್ಕೇನೂ ಆಗಿಲ್ಲ, ಪೇಂಟು ಸಾಕು" ಅಂದ.
ಒಳಬಟ್ಟೆ ಬಿಡಿಸಿ ತೋರಿಸಿದೆ: ಕಿವಿಯ ಹಿಂದೆ
ಬಿಳಿ ಥರ್ಮೋಕೋಲಿನಲ್ಲಿ ಹೆಬ್ಬೆಟ್ಟಿನಷ್ಟು ತಗ್ಗು.
ಅದು ಮತ್ತೆ ಉಬ್ಬುವುದಿಲ್ಲ. ಒಂದು ತಲೆ, ಒಂದು ಸಲ.
ಕತ್ತರಿ ತೆಗೆದು ಗದ್ದದ ಪಟ್ಟಿ ಕತ್ತರಿಸಿಬಿಟ್ಟೆ,
ಕಸದಿಂದ ಎತ್ತಿಕೊಂಡು ಇನ್ನೊಬ್ಬ ಹಾಕಿಕೊಳ್ಳದ ಹಾಗೆ.
ಯಾರುಬ್ ಬಾಯಿ ತೆರೆದ, ಮುಚ್ಚಿದ.

ಎಡ ಪಕ್ಕೆಗೆ ಬಂದೆ.
ಜೇಬಿನ ಕೆಳಗೆ ಹೊಲಿಗೆ ಬಿಚ್ಚಿತ್ತು, ನಾಲ್ಕು ಬೆರಳಷ್ಟು.
ಅದರ ಮೇಲೂ ಕಂಪನಿಯ ಹೊಲಿಗೆ ನಿಂತಿದೆ, ಕೆಳಗೂ ನಿಂತಿದೆ,
ಮೂರು ಸಾಲು, ಅದರಲ್ಲೊಂದು ಮಡಿಕೆಯೊಳಗೆ
ರಸ್ತೆಯ ಕಣ್ಣಿಗೆ ಬೀಳದ ಹಾಗೆ.
ಬಿಚ್ಚಿದ ದಾರ ನನಗೆ ಗೊತ್ತು.
ಹೋದ ರಂಜಾನಿನಲ್ಲಿ, ಹಬ್ಬದ ಬಟ್ಟೆಗಳ ರಾಶಿಯ ನಡುವೆ,
ಇಲ್ಲಿ ಹೊಲಿಗೆ ಎದ್ದಿದೆ ಅಂತ ತಂದಿದ್ದ.
ಮಿಷನ್ನಿನಲ್ಲಿ ಅಬಾಯಾದ ಕಪ್ಪು ದಾರವಿತ್ತು.
ನೈಲಾನು ಹಾಕಬೇಕೆಂದರೆ ಸೂಜಿ ಬದಲಿಸಬೇಕು, ಹತ್ತು ನಿಮಿಷ.
ಒಂದೇ ಸಾಲು ಹೊಡೆದೆ. ಒಂದೂವರೆ ರಿಯಾಲು ತಗೊಂಡೆ.

"ತೋರಿಸು" ಅಂದೆ. ಅಂಗಿ ಎತ್ತಿದ.
ಪಕ್ಕೆಯ ಮೇಲೆ ಕೆಂಪು, ಒಣಗುತ್ತಿರುವ ಅಂಚು,
ಒಳಪದರದ ಜಾಳಿಗೆ ಕರಗಿ ಅಂಟಿದ ಚುಕ್ಕಿಗಳ ಸಾಲು.
ಮುಟ್ಟದೆ, ಗಾಳಿಯಲ್ಲೇ, ಬೆರಳು ಹಿಡಿದು ನೋಡಿದೆ.
ನಾಲ್ಕಕ್ಕೆ ನಾಲ್ಕು. ಅಳತೆ ತಪ್ಪದ ಕೈ ನನ್ನದು.

ಹೇಳಿಬಿಟ್ಟೆ. ದಾರ, ಸೂಜಿ, ಹತ್ತು ನಿಮಿಷ,
ಎಲ್ಲ, ನನ್ನ ಹರಕು ಅರಬಿಯಲ್ಲಿ.
ಅವನು ಜಾಕೆಟ್ಟನ್ನು ಒಂದೇ ಕೈಯಲ್ಲಿ ತಿರುವಿ ತಿರುವಿ ನೋಡಿ
"ಉಳಿದದ್ದೆಲ್ಲ ಯಾರು ಹೊಲಿದದ್ದು?" ಅಂದ.
ಯಾರಿಗೆ ಗೊತ್ತು, ಯಾವ ದೇಶದ ಫ್ಯಾಕ್ಟರಿಯೋ, ಯಾವಳೋ.
"ಅವಳು ಸಿಗುವುದಿಲ್ಲ" ಅಂದ. "ನೀನಾದರೆ ಇಲ್ಲೇ ಇದ್ದೀಯ."
ಬೈಯುತ್ತಾನೆಂದು ಕಾದೆ.
ಚಹಾ ತರಿಸು ಅಂದ, ಸಕ್ಕರೆ ಜಾಸ್ತಿ.

ಜಾಕೆಟ್ಟು ಇಲ್ಲೇ ಬಿಟ್ಟುಹೋದ. ರಾತ್ರಿ ಶಟರು ಎಳೆದು
ಅವಳ ಮಡಿಕೆ ಬಿಡಿಸುತ್ತ ಕೂತೆ, ಒಂದೊಂದೇ ಹೊಲಿಗೆ.
ಬಿಡಿಸಿಕೊಳ್ಳಲಿಕ್ಕೂ ಸಿದ್ಧವಿಲ್ಲ ಅದು.
ನಾಳೆ ಮೂವತ್ತು ಟೀ ಶರ್ಟು ಬರುವುದಿದೆ,
ಊಟ ತಲುಪಿಸುವ ಹುಡುಗರವು, ಬೆನ್ನಿಗೆ ಹೊಳೆಯುವ ಪಟ್ಟಿ ಹಚ್ಚಬೇಕು.
ತೆಳು ಬನಿಯನ್ ಬಟ್ಟೆ. ಯಾವ ದಾರ ಹಾಕಿದರೇನು,
ರಸ್ತೆ ಅದನ್ನು ಒಂದು ಹೆಜ್ಜೆಗೇ ತಿನ್ನುತ್ತದೆ.
ಗೊತ್ತಿದ್ದೂ
ಸೂಜಿ ಬದಲಿಸಿಟ್ಟೆ.